ಕಾರ್ಡಿನ ಬೆನ್ನಿಗೆ ಬರೆದದ್ದು

ಮೊನ್ನೆ ಸೋಮವಾರ ನಮ್ಮ ಗ್ರಂಥಾಲಯಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ನೀರು ಕುಡಿದು, "ಅಕ್ಕಾರ, ಅಲ್ಲಿ ಏನು ಕೆಲಸ ಇರತೈತ್ರಿ? ಪುಸ್ತಕ ಕಾಯೋದೇನು?" ಎಂದು ಕೇಳಿದಳು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು. "ಹೂಂ ತಾಯಿ, ಕಾಯೋದ" ಎಂದು ಕಳಿಸಿಬಿಟ್ಟೆ. ಆಕೆ ಹೋದ ಮೇಲೆ ಮನಸ್ಸು ಕಚ್ಚಿತು. ಇಪ್ಪತ್ತೇಳು ವರ್ಷ ಮಾಡಿದ ಕೆಲಸವನ್ನು ಹಾಗೆ ಒಂದು ಮಾತಿನಲ್ಲಿ ಮುಗಿಸಬಾರದಿತ್ತು. ಅದಕ್ಕೇ ಬರೆಯಲು ಕೂತಿದ್ದೇನೆ. ನನ್ನ ಬರವಣಿಗೆಯ ಅಭ್ಯಾಸವೆಲ್ಲ ಒಂದು ಕಾರ್ಡಿನಷ್ಟು ಅಗಲದ್ದು. ಅದಕ್ಕಿಂತ ಉದ್ದವಾದರೆ ದಾರಿ ತಪ್ಪೀತು, ಓದುವವರು ತಾಳಿಕೊಳ್ಳಬೇಕು.

ನನ್ನ ಹೆಸರು ಉರುಕುಂದಮ್ಮ. ನಮ್ಮವ್ವ ಉರುಕುಂದ ಎಂಬ ಊರಿನ ಈರಣ್ಣಸ್ವಾಮಿಗೆ ಹರಕೆ ಹೊತ್ತು ಪಡೆದವಳು ನಾನು, ಅದಕ್ಕೇ ಆ ಹೆಸರು. ನಮ್ಮ ಕಡೆ ಪ್ರತಿ ಓಣಿಯಲ್ಲೂ ಇಬ್ಬರು ಉರುಕುಂದಮ್ಮ, ಮೂವರು ಉರುಕುಂದಪ್ಪ ಸಿಗುತ್ತಾರೆ. ತೆಲುಗು ಸೀಮೆಯ ಆದವಾನಿಗೆ ಸೊಸೆಯಾಗಿ ಬಂದೆ. ಯಜಮಾನರು ಹತ್ತಿ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದರು. ಕಿರಿಯ ಮಗ ಶಾಲೆಗೆ ಹೋಗಲು ಶುರುಮಾಡಿದ ವರ್ಷ, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ದಾನಿಗಳು ನಡೆಸುತ್ತಿದ್ದ ಒಂದು ಸಣ್ಣ ಗ್ರಂಥಾಲಯದಲ್ಲಿ ಕನ್ನಡ ಓದು ಬರಹ ಬಲ್ಲ ಹೆಂಗಸು ಬೇಕಂತೆ ಎಂದು ಅವರೇ ಸುದ್ದಿ ತಂದರು. ನಾನು ನಮ್ಮೂರ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಪಾಸಾದವಳು. ಊರೆಲ್ಲ ತೆಲುಗು ಓದುವ ಜಾಗದಲ್ಲಿ ಆ ಓದು ಅನ್ನಕ್ಕೆ ಬಂದೀತು ಎಂದು ಯಾರೂ ಎಣಿಸಿರಲಿಲ್ಲ. ಬಂತು. ಅದು ಸ್ವಾಮಿ ಮಾಡಿದ ಮೊದಲನೆಯ ದಯೆ ಎಂದು ಬರೆದುಕೊಳ್ಳುತ್ತೇನೆ.

ಆಗ ಅಲ್ಲಿ ದೊಡ್ಡವರೆಂದರೆ ಸುಬ್ಬಾರಾವ್ ಸಾರು. ತೆಲುಗಿನವರು, ಕನ್ನಡ ಮಾತು ಅರ್ಥವಾಗುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಅವರು ಬರೆದಿಟ್ಟ ಪಟ್ಟಿಯಲ್ಲಿ ತೆಲುಗು ಪುಸ್ತಕಗಳಿಗೆ, ಇಂಗ್ಲಿಷ್ ಪುಸ್ತಕಗಳಿಗೆ ಒಂದೊಂದಕ್ಕೂ ಹೆಸರಿತ್ತು. ಕೊನೆಯಲ್ಲಿ ಒಂದೇ ಸಾಲು: "ಕನ್ನಡ, ಒಂದು ಬೀರು." ಅಷ್ಟೇ. ಬೀರುವಿನ ಒಳಗೆ ಏನಿದೆಯೋ ಈರಣ್ಣನಿಗೇ ಗೊತ್ತು. "ಕಾರ್ಡು ಇಲ್ಲದ ಪುಸ್ತಕ ಇದ್ದರೂ ಇಲ್ಲದ ಲೆಕ್ಕ. ಅವಕ್ಕೆಲ್ಲ ನೀನು ಹೆಸರಿಡಬೇಕು" ಎಂದರು ಮೊದಲ ದಿನ.

ಮೊದಲ ವಾರದಲ್ಲೇ ನಾನು ಮಾಡಿದ ಘನಂದಾರಿ ಕೆಲಸ ಹೇಳಿಬಿಡುತ್ತೇನೆ. ಸಾರು ಮೂರು ದಿನ ರಜೆ ಹೋಗಿದ್ದರು. ಬೀರು ತೆಗೆದರೆ ಪುಸ್ತಕಗಳು ಉದ್ದ ಗಿಡ್ಡ, ಕೆಂಪು ಹಸಿರು ಎಲ್ಲ ಕಲಸಿಕೊಂಡಿದ್ದವು. ನನ್ನ ಅಡುಗೆಮನೆಯಲ್ಲಿ ಡಬ್ಬಿ ಹೀಗಿದ್ದರೆ ಅತ್ತೆ ಸುಮ್ಮನಿರುತ್ತಿರಲಿಲ್ಲ. ಉದ್ದದವು ಹಿಂದೆ, ಗಿಡ್ಡವು ಮುಂದೆ, ಒಂದೊಂದು ಬಣ್ಣ ಒಂದೊಂದು ಸಾಲು ಎಂದು ಮೂರು ದಿನ ಬೆವರು ಸುರಿಸಿ ಜೋಡಿಸಿದೆ. ಕನ್ನಡ ಬೀರು ಮುಗಿಸಿ, ಕೈ ತಡೆಯದೆ ತೆಲುಗಿನ ಎರಡು ಬೀರುಗಳನ್ನೂ. ಸಾರು ಬಂದು ಬಾಗಿಲಲ್ಲೇ ನಿಂತರು.

"ಏಮಮ್ಮಾ, ಇದಿ ಲೈಬ್ರರೀನಾ, ಗಾಜುಲ ಅಂಗಡಿನಾ?"

ಬಳೆ ಅಂಗಡಿ ಮಾಡಿಟ್ಟಿದ್ದೀಯಲ್ಲ ಎಂದು. ನನಗೆ ಅಳು ಬಂತು. ಅವರು ಬೈಯಲಿಲ್ಲ. ಪಂಚೆ ಎತ್ತಿ ಕಟ್ಟಿ ನನ್ನ ಜೊತೆ ನೆಲದ ಮೇಲೆ ಕೂತು, ವಾರಗಟ್ಟಲೆ ಮತ್ತೆ ಜೋಡಿಸಿದರು. ವಿಷಯ ಒಂದೇ ಆದವು ಒಂದು ಕಡೆ ಇರಬೇಕು, ಬಣ್ಣ ಬೇರೆಯಾದರೂ ಅಣ್ಣತಮ್ಮಂದಿರು ಎಂದು ತಿಳಿಸಿದ್ದು ಆಗಲೇ. ಮೇಲಧಿಕಾರಿ ಎಂದರೆ ನನಗೆ ಇವತ್ತಿಗೂ ನೆಲದ ಮೇಲೆ ಕೂತ ಸುಬ್ಬಾರಾವ್ ಸಾರೇ ಕಣ್ಣಿಗೆ ಬರುತ್ತಾರೆ.

ಈಗಿನವರಿಗೆ ಕಾರ್ಡು ಎಂದರೆ ತಿಳಿಯಲಿಕ್ಕಿಲ್ಲ. ಅಂಗೈಯಗಲದ ದಪ್ಪ ಕಾಗದ. ಮುಂದೆ ಪುಸ್ತಕದ ಹೆಸರು, ಬರೆದವರ ಹೆಸರು, ಯಾವ ಬೀರು, ಎಷ್ಟನೆಯ ನಂಬರು. ಕೆಳಗೊಂದು ತೂತು, ಅದರಲ್ಲಿ ಕಂಬಿ ಪೋಣಿಸಿ ಸಣ್ಣ ಡ್ರಾಯರಿನಲ್ಲಿ ಸಾಲಾಗಿ ನಿಲ್ಲಿಸುವುದು. ಮುಂದಿನ ಬದಿ ಸಾರು ಕಲಿಸಿದ್ದು. ಬೆನ್ನಿನ ಬದಿ ನನ್ನದು. ಮನೆಯಲ್ಲಿ ನಾನು ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ: ಈ ಮೆಣಸಿನಪುಡಿ ಖಾರ ಹೆಚ್ಚು, ಈ ಉಪ್ಪಿನಕಾಯಿ ಹಬ್ಬ ಆಗುವ ತನಕ ತೆಗೆಯಬಾರದು. ಅದೇ ರೂಢಿ. ನಾನು ರಜೆ ಹೋದರೆ ಬದಲಿಗೆ ಕೂರುವವರಿಗೆ ತಿಳಿಯಲಿ ಎಂದು ಕಾರ್ಡಿನ ಬೆನ್ನಿಗೂ ಬರೆದೆ. "ದೊಡ್ಡಕ್ಷರ, ಕನ್ನಡಕ ಮರೆತು ಬಂದವರಿಗೆ ಕೊಡು." "ಇದನ್ನು ಪೋಸ್ಟ್‌ಮ್ಯಾನ್ ನಾಲ್ಕು ಸಲ ಓದಿದ್ದಾನೆ, ಮತ್ತೆ ಕೇಳಿದರೆ ಬೇರೆ ತೋರಿಸು." "ಕೊನೆಯ ಎಂಟು ಹಾಳೆ ಇಲ್ಲ, ಕಥೆ ಏನಾಯಿತೆಂದು ನನ್ನನ್ನು ಕೇಳಬೇಕು." ಈ ಕೊನೆಯದರ ಬಗ್ಗೆ ಒಂದು ತಪ್ಪೊಪ್ಪಿಗೆ ಇದೆ. ಆ ಎಂಟು ಹಾಳೆ ನಾನೂ ಓದಿರಲಿಲ್ಲ. ಆ ಹುಡುಗಿಗೆ ಮದುವೆಯಾಯಿತು, ಅತ್ತೆ ಒಳ್ಳೆಯವಳಾದಳು ಎಂದು ನನಗೆ ತೋಚಿದ್ದನ್ನು ಹೇಳಿ ಕಳಿಸುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಪೂರ್ತಿ ಪುಸ್ತಕ ಸಿಕ್ಕಿತು. ಆ ಹುಡುಗಿ ಬಾವಿಗೆ ಹಾರಿದ್ದಳು. ನನ್ನ ಕೊನೆಯನ್ನು ಕೇಳಿ ನಿಶ್ಚಿಂತೆಯಾಗಿ ಮನೆಗೆ ಹೋದ ಹೆಂಗಸರನ್ನೆಲ್ಲ ನೆನೆದು, ಇರಲಿ ಬಿಡು ಎಂದುಕೊಂಡೆ.

ಬೆನ್ನಿಗೆ ಬರೆಯುವ ಆ ರೂಢಿಯೇ ನನ್ನನ್ನು ಕಷ್ಟಕ್ಕೆ ತಂದದ್ದು. ಅದಕ್ಕೆ ಹಂಪಮ್ಮನ ವಿಷಯ ಹೇಳಬೇಕು.

ಹಂಪಮ್ಮ ಜಿನ್ನಿನಲ್ಲಿ, ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಮಿಲ್ಲಿನಲ್ಲಿ, ಹತ್ತಿ ಆರಿಸುವ ಕೆಲಸ ಮಾಡುತ್ತಿದ್ದಳು. ನನಗಿಂತ ಐದಾರು ವರ್ಷ ದೊಡ್ಡವಳು. ಪ್ರತಿ ಶ್ರಾವಣಕ್ಕೆ ಬಂದು ಒಂದೇ ಪುಸ್ತಕ ಒಯ್ಯುತ್ತಿದ್ದಳು. ದೇವರ ಮಹಿಮೆ ಹೇಳುವ ಹಳೆಯ ಕನ್ನಡ ಪುರಾಣ. ಅವರ ಓಣಿಯ ಕಟ್ಟೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಆಕೆ ಅದನ್ನು ರಾಗವಾಗಿ ಓದುತ್ತಾಳೆ, ಮೂವತ್ತು ನಲವತ್ತು ಹೆಂಗಸರು ಕೂತು ಕೇಳುತ್ತಾರೆ. ಓಣಿಯಲ್ಲಿ ಆಕೆಯ ಹೆಸರೇ "ಓದೋ ಹಂಪಮ್ಮ". ಗೋನೆಗಂಡ್ಲದಿಂದ ತೆಲುಗಿನಲ್ಲಿ ಡಿಗ್ರಿ ಓದಿದ ಸೊಸೆಯನ್ನು ತಂದಾಗ, "ಹುಡುಗಿಗೆ ಸಿಗೋ ಅತ್ತಿನೂ ಓದಿದಾಕಿ" ಎಂಬ ಮಾತಿಗೇ ಬೀಗರು ಒಪ್ಪಿದರು ಎಂದು ಆಕೆಯೇ ಹೆಮ್ಮೆಯಿಂದ ಹೇಳಿದ್ದಳು.

ಒಂದು ವರ್ಷ ಬೀರುವಿನ ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕಿಸಿದ್ದೆವು. ರಟ್ಟು ಹಾಕುವವ ಎಲ್ಲಕ್ಕೂ ಒಂದೇ ಕಂದು ಬಟ್ಟೆ ಬಡಿದಿದ್ದ. ಅವಸರದಲ್ಲಿ ನಾನು ಹಂಪಮ್ಮನ ಕೈಗೆ ಪುರಾಣದ ಬದಲು ಕುರಿಗಳ ರೋಗದ ಪುಸ್ತಕ ಕೊಟ್ಟು ಕಳಿಸಿದೆ. ತಪ್ಪು ನನಗೆ ಗೊತ್ತೇ ಆಗಲಿಲ್ಲ. ಅವತ್ತು ಸಂಜೆ ನಾನೂ ಆ ಕಟ್ಟೆಗೆ ಕೇಳಲು ಹೋಗಿ ಎರಡನೆಯ ಸಾಲಿನಲ್ಲಿ ಕೂತೆ. ಹಂಪಮ್ಮ ಪುಸ್ತಕಕ್ಕೆ ಕುಂಕುಮ ಹಚ್ಚಿ, ಬಿಚ್ಚಿ, ಸಾಲಿನ ಕೆಳಗೆ ಬೆರಳಿಟ್ಟು ರಾಗ ತೆಗೆದಳು. ದೇವರು ಭಕ್ತನ ಗುಡಿಸಲಿಗೆ ಬರುವ ಭಾಗ. ಹಾಳೆ ತಿರುಗಿಸಿದಾಗ ದೀಪದ ಬೆಳಕಿಗೆ ನನಗೆ ಕಂಡಿತು. ಹಾಳೆಯ ತುಂಬ ಒಂದು ಕುರಿಯ ಚಿತ್ರ, ಹೊಟ್ಟೆ ಸೀಳಿ ಕರುಳು ತೋರಿಸಿದ್ದು.

ಹಂಪಮ್ಮನಿಗೂ ಕಂಡಿತು. ಬೆರಳು ಒಂದು ಚಣ ನಿಂತಿತು. ಆಮೇಲೆ ಆಕೆ ಕಣ್ಣು ಮುಚ್ಚಿ ಹಾಡುತ್ತ ಹೋದಳು. ಒಂದು ಪದ ತಪ್ಪಲಿಲ್ಲ. ಹಾಳೆ ತಿರುಗಿಸುವ ಜಾಗದಲ್ಲಿ ಹಾಳೆ ತಿರುಗಿಸಿದಳು. ಪಕ್ಕದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ನಗು ಬರಬೇಕಿತ್ತು, ಮೈ ಜುಂ ಎಂದಿತು.

ಮರುದಿನ ನಾನು ಬೀಗ ತೆಗೆಯುವ ಮೊದಲೇ ಆಕೆ ಸೆರಗಿನಲ್ಲಿ ಪುಸ್ತಕ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ನಿನ್ನಿ ನೀನೂ ಬಂದಿದ್ದಿ."

"ಹೂಂ ಹಂಪಕ್ಕ."

"ನೋಡಿದಿ?"

"ನೋಡಿದೆ."

ಆಕೆ ಪುಸ್ತಕವನ್ನು ನನ್ನ ಮುಂದಿಟ್ಟು ಹೇಳಿದಳು. ಪುರಾಣ ಓದುತ್ತಿದ್ದವನು ಆಕೆಯ ಅಪ್ಪ. ತೊಡೆಯ ಮೇಲೆ ಕೂತು ಕೇಳಿ ಕೇಳಿ ಆಕೆಗೆ ಎಲ್ಲ ಬಾಯಿಗೆ ಬಂತು, ಶಾಲೆಯ ಮುಖ ಮಾತ್ರ ನೋಡಲಿಲ್ಲ. ಅಪ್ಪ ಹೋದ ಮೇಲೆ ಓಣಿಯವರು ನೀನೇ ಹೇಳು ಎಂದರು. ಆದರೆ ನಮ್ಮ ಕಡೆ ಒಂದು ಕಟ್ಟಳೆ ಇದೆ. ಮುಂದೆ ಪುಸ್ತಕ ಇಲ್ಲದೆ ಹೇಳಿದರೆ ಅದು ಪುರಾಣ ಅಲ್ಲ, ಬರೀ ಹಾಡು. ಅದಕ್ಕೇ ಆಕೆ ಪುಸ್ತಕ ಹಿಡಿದಳು. ಹಿಡಿದದ್ದನ್ನು ಬಿಡಲಾಗಲಿಲ್ಲ.

"ಉರುಕುಂದವ್ವ, ನನ್ನ ಮಾನ ನಿನ್ನ ಕೈಯಾಗ ಐತಿ. ಯಾರ ಮುಂದೂ ಆಡಬ್ಯಾಡ."

"ಈರಣ್ಣಸ್ವಾಮಿ ಆಣಿ, ಆಡಂಗಿಲ್ಲ" ಎಂದೆ. ಆಡಲೂ ಇಲ್ಲ. ಆದರೆ ಮುಂದಿನ ಶ್ರಾವಣಕ್ಕೆ ಮಗಳ ಬಾಣಂತನಕ್ಕೆ ಹೋಗುವವಳಿದ್ದೆ. ಬದಲಿಗೆ ಬರುವವರು ಮತ್ತೆ ತಪ್ಪು ಪುಸ್ತಕ ಕೊಟ್ಟರೆ? ಅವರಿಗೆ ತಿಳಿಯಲೆಂದು ಕಾರ್ಡಿನ ಬೆನ್ನಿಗೆ ಬರೆದೆ: "ಜಿನ್ನಿನ ಹಂಪಮ್ಮಗೆ ನೋಡಿ ಇದೇ ಪುಸ್ತಕ ಕೊಡು. ಆಕೆಗೆ ಓದು ಬರುವುದಿಲ್ಲ. ಯಾರಿಗೂ ಹೇಳಬೇಡ." ಆಣೆ ಮುರಿದೆ ಎಂದು ಅನ್ನಿಸಲೇ ಇಲ್ಲ. ಕೈ ಬರೆಯಿತು, ಬಾಯಿ ಆಡಲಿಲ್ಲವಲ್ಲ.

ವರ್ಷಗಳು ಹೋದವು. ಸುಬ್ಬಾರಾವ್ ಸಾರು ನಿವೃತ್ತರಾದರು, ಅವರ ಜಾಗಕ್ಕೆ ಒಬ್ಬ ಮೇಡಂ ಬಂದರು, ಮೇಡಂ ಜೊತೆ ಕಂಪ್ಯೂಟರು ಬಂತು. ನನಗೆ ಇನ್ನು ಒಂದು ವರ್ಷ ಸರ್ವಿಸು ಇತ್ತು. ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಎಲ್ಲ ಗ್ರಂಥಾಲಯಗಳೂ ಕೂಡಿ ಇಟ್ಟುಕೊಂಡ ಒಂದು ದೊಡ್ಡ ಪಟ್ಟಿಗೆ ಸೇರಿಸಬೇಕು ಎಂದು ಆಯಿತು. ಆ ಪಟ್ಟಿಗೆ ಬಾಗಿಲಿಲ್ಲ, ಬೀಗವಿಲ್ಲ. ಒಂದು ಪುಸ್ತಕದ ವಿವರ ಒಬ್ಬರು ಬರೆದಿಟ್ಟರೆ, ಅದೇ ಪುಸ್ತಕ ಇರುವ ಇನ್ನೊಬ್ಬರು ಮತ್ತೆ ಬರೆಯಬೇಕಿಲ್ಲ, ಹಾಗೇ ತೆಗೆದುಕೊಳ್ಳಬಹುದು. ಹಣವಿಲ್ಲ, ಅಪ್ಪಣೆ ಕೇಳಬೇಕಿಲ್ಲ. ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು.

ಮೇಡಂ ಇದನ್ನು ವಿವರಿಸುವಾಗ ನನಗೆ ಹೊಸದೆನಿಸಲಿಲ್ಲ. ಇದು ಹೆಪ್ಪಿನ ಹಾಗೆ. ಪಕ್ಕದ ಮನೆಯವರು ಬಟ್ಟಲು ಹಿಡಿದು ಹಾಲಿಗೆ ಹೆಪ್ಪು ಕೇಳಿದರೆ ಇಲ್ಲ ಅನ್ನಬಾರದು. ಒಂದು ಚಮಚ ಕೊಟ್ಟರೆ ನಮ್ಮ ಗಡಿಗೆಯಲ್ಲಿ ಕಡಿಮೆಯಾಗುವುದಿಲ್ಲ, ಅವರ ಮನೆಯಲ್ಲಿ ಬೆಳಗಾಗುವುದರೊಳಗೆ ಗಡಿಗೆ ಮೊಸರು. ಮುಂದೆ ಅವರು ಮತ್ತೊಬ್ಬರಿಗೆ. ಈ ಕೆಲಸ ನನಗೆ ಮನಸ್ಸಿಗೆ ಬಂತು. ಬಂದ ಫಲವನ್ನೂ ಕಣ್ಣಾರೆ ಕಂಡೆ. ಮೊದಲ ಐವತ್ತು ಪುಸ್ತಕ ಸೇರಿಸಿದ ತಿಂಗಳಲ್ಲೇ ರಾಯಚೂರಿನಿಂದ ಒಬ್ಬ ಮುದುಕರು ರೈಲಿಳಿದು ಆಟೊ ಹಿಡಿದು ಬಂದರು. ನೀರೆತ್ತುವ ಹಳೆಯ ಕಪಿಲೆಗಳ ಮೇಲೆ ಒಂದು ಪುಸ್ತಕ, ಎಲ್ಲಿಯೂ ಸಿಗದೆ ಪಟ್ಟಿಯಲ್ಲಿ ನಮ್ಮ ಹೆಸರು ನೋಡಿ ಬಂದಿದ್ದರು. "ಕನ್ನಡ, ಒಂದು ಬೀರು" ಎಂದಷ್ಟೇ ಬಿಟ್ಟಿದ್ದರೆ ಆ ಮುದುಕರು ಬರುತ್ತಿದ್ದರೇ? ಅವರು ಓದುತ್ತ ಊಟ ಮರೆತರು, ನನ್ನ ಡಬ್ಬಿಯ ಎರಡು ರೊಟ್ಟಿ ಕೊಟ್ಟೆ. ಇಂಥವನ್ನೂ ಲೆಕ್ಕಕ್ಕೆ ಹಿಡಿಯಬೇಕು ತಾಯಿ.

ಆದರೆ ಹೆಪ್ಪು ಹುಳಿಯಾಗಿದ್ದರೆ ಓಣಿಯ ಮೊಸರೆಲ್ಲ ಹುಳಿ. ಅದನ್ನು ನಾನು ಮರೆತೆ.

ಟೈಪು ಮಾಡಲು ಶಾಹೀನ್ ಎಂಬ ಹುಡುಗಿ ಬಂದಿದ್ದಳು. ಬಂಗಾರದಂಥ ಹುಡುಗಿ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ತೆಲುಗು. ತೆಲುಗು ಬಂದವರಿಗೆ ಕನ್ನಡದ ಅಕ್ಷರ ಮುಕ್ಕಾಲು ತಾನೇ ಗುರುತು ಸಿಗುತ್ತದೆ, ಉಳಿದ ಕಾಲು ನಾನು ಕಲಿಸಿದೆ. ಅಕ್ಷರ ನೋಡಿ ಅಕ್ಷರ ಒತ್ತುತ್ತಿದ್ದಳು, ಅರ್ಥ ಆಕೆಗೆ ಬೇಕಿರಲಿಲ್ಲ. ಕನ್ನಡದ ಕಾರ್ಡು ಶುರುವಾದ ದಿನ ಆಕೆ, "ಅಮ್ಮಾ, ಅಂತಾ ಕೊಟ್ಟಾಲಾ?" ಎಂದು ಕೇಳಿದಳು. ಎಲ್ಲ ಒತ್ತಬೇಕಾ ಎಂದು. ಎಷ್ಟು ವರ್ಷ ನಮ್ಮ ಬೀರು ಪಟ್ಟಿಯಲ್ಲಿ ಒಂದೇ ಸಾಲಾಗಿ ಕೂತಿತ್ತು ಎಂಬ ಸಂಕಟ ನನಗೆ.

"ಎಲ್ಲಾ ಹಾಕವ್ವ. ಒಂದಕ್ಷರ ಬಿಡಬ್ಯಾಡ."

ಬಿಡಲಿಲ್ಲ ಆಕೆ. ಮುಂದಿನ ಬದಿ ಮುಗಿಸಿ ಕಾರ್ಡು ಮಗುಚಿ, ಬೆನ್ನಿನ ಬದಿಯನ್ನೂ ಹಾಕಿದಳು. "ಟಿಪ್ಪಣಿ" ಎಂಬ ಖಾಲಿ ಜಾಗ ಅಲ್ಲಿತ್ತು, ಅದು ತುಂಬುವುದಕ್ಕೇ ಇದೆ ಎಂದುಕೊಂಡಳು. ನಾನು ಪರೀಕ್ಷಿಸಿ ಸಹಿ ಹಾಕಬೇಕಿತ್ತು. ಮೊದಲ ಇಪ್ಪತ್ತು ನೋಡಿದೆ. ಅವು ಹೊಸ ಕಾರ್ಡುಗಳು, ಬೆನ್ನು ಖಾಲಿ. ಉಳಿದವಕ್ಕೆ ನೋಡದೆ ಸಹಿ ಹಾಕಿದೆ. ಇದು ಶಾಹೀನಳ ತಪ್ಪಲ್ಲ, ನನ್ನದು. ಇಲ್ಲಿ ಬರೆದು ಒಪ್ಪಿಕೊಳ್ಳಬೇಕಾದದ್ದು ಇದನ್ನೇ.

ಅದೇ ದಿನಗಳಲ್ಲಿ ಹಂಪಮ್ಮನ ಸೊಸೆ ಸುನೀತ ಬಂದಿದ್ದಳು. "ಅಕ್ಕಾ, ಅತ್ತಿ ಓದೋ ಪುಸ್ತಕ ಹಾಳಿ ಎಲ್ಲಾ ಉದುರಾಕತ್ಯಾವ. ಆಕಿಗೆ ಸ್ವಂತದ್ದೊಂದು ತಂದುಕೊಡಬೇಕಂತ ಅದೀನಿ. ಎಲ್ಲಿ ಸಿಗತೈತಿ?" ಒಳ್ಳೆಯ ಮನಸ್ಸಿನ ಹುಡುಗಿ. ನಾನೇ ಆಕೆಯ ಫೋನಿನಲ್ಲಿ ಆ ದೊಡ್ಡ ಪಟ್ಟಿ ತೆಗೆಯಲು ಕಲಿಸಿದೆ, ಪುಸ್ತಕದ ಹೆಸರನ್ನೂ ಹಾಕಿಕೊಟ್ಟೆ. ಅವತ್ತು ನೆಟ್‌ವರ್ಕ್ ಇರಲಿಲ್ಲ, ಚಕ್ರ ತಿರುಗುತ್ತ ನಿಂತಿತು. "ಮನ್ಯಾಗ ನೋಡತೀನಿ ಬಿಡ್ರಿ" ಎಂದು ಹೋದಳು.

ಒಂದು ವಾರಕ್ಕೆ ಫೋನು ಬಂತು. ರಾಯಚೂರು ಕಡೆಯ ಒಂದು ಗ್ರಂಥಾಲಯದ ಬಸವರಾಜ ಎಂಬಾತ. ದನಿಯಲ್ಲೇ ನಗು.

"ಅಕ್ಕಾರ, ನಮಸ್ಕಾರ್ರಿ. ನಿಮ್ಮ ಪಟ್ಟಿ ಭಾಳ ಉಪಕಾರ ಆತು. ಪೋಸ್ಟ್‌ಮ್ಯಾನ್‌ಗೆ ಇನ್ನೂ ಆ ಪುಸ್ತಕ ಕೊಡ್ತೀರೇನ್ರಿ?"

"ಏನಪಾ ಹಂಗಂದ್ರ?"

"ನಿಮ್ಮ ಟಿಪ್ಪಣಿ ಓದಾಕತ್ತೀನ್ರಿ. ನಕ್ಕು ನಕ್ಕು ಸಾಕಾತು. ಅದೆಲ್ಲಾ ಇರಲಿ, ಈ ಜಿನ್ನಿನ ಹಂಪಮ್ಮ ಯಾರ್ರಿ ಅಕ್ಕಾರ?"

ಶಾಹೀನಳನ್ನು ಕೂಗಿದೆ. ನಮ್ಮ ಪಟ್ಟಿಯಲ್ಲಿ ಆ ಸಾಲು ಅಳಿಸಲು ಆಕೆಗೆ ಒಂದು ನಿಮಿಷ ಹಿಡಿಯಲಿಲ್ಲ. ಆದರೆ ಬಸವರಾಜ ಆ ವಿವರವನ್ನು ಆಗಲೇ ತೆಗೆದುಕೊಂಡಿದ್ದ. ಬಳ್ಳಾರಿ ಕಡೆಯವರು ತೆಗೆದುಕೊಂಡಿದ್ದರು, ಅವರಿಂದ ಮತ್ತೊಬ್ಬರು. ಒಟ್ಟು ಐದು ಕಡೆ. ಐದು ಊರಿನಲ್ಲಿ ಹಂಪಮ್ಮನಿಗೆ ಓದು ಬರುವುದಿಲ್ಲ ಎಂದು ಬರೆದಿತ್ತು, ಕೆಳಗೆ "ಯಾರಿಗೂ ಹೇಳಬೇಡ" ಎಂದು ಸೇರಿಸಿ. ಆಕೆಯ ಸೊಸೆಯ ಕೈಯಲ್ಲಿ ಅದೇ ಪುಸ್ತಕ ಹುಡುಕುವ ಫೋನು.

ಮೇಡಂ, "ನಮ್ಮದು ತೆಗೆದಿದ್ದೇವಲ್ಲಮ್ಮ, ಉಳಿದದ್ದು ಅವರ ಕೆಲಸ" ಎಂದರು. ಹೇಳಿದರೂ ಆಫೀಸಿನ ಫೋನನ್ನು ನನ್ನ ಕಡೆ ಸರಿಸಿ ಹೋದರು. ಅದೂ ಒಂದು ದಯೆಯೇ. ಬಸವರಾಜ ಕಾರಣ ಕೇಳಿದ್ದೇ ನಗು ನಿಲ್ಲಿಸಿ, "ತಪ್ಪಾತ್ರಿ ಅಕ್ಕಾರ, ಈಗಿಂದೀಗ ತೆಗೀತೀನಿ" ಎಂದ. ಇನ್ನು ಮೂರು ಕಡೆಯವರು ಎರಡು ದಿನದಲ್ಲಿ ತೆಗೆದರು. ಐದನೆಯದು ದೂರದ ಒಂದು ಕಾಲೇಜು. ಕಂಪ್ಯೂಟರು ನೋಡುವವರು ವರ್ಗವಾಗಿದ್ದರು, ಹೊಸಬರಿಗೆ ಒಳಗೆ ಹೋಗುವ ಗುಟ್ಟಿನ ಪದ ಗೊತ್ತಿರಲಿಲ್ಲ. ಪತ್ರ ಬರೆದೆ, ಮತ್ತೆ ಬರೆದೆ. ಆ ಸಾಲು ಅಲ್ಲೇ ಉಳಿಯಿತು.

ಎರಡು ರಾತ್ರಿ ದೇವರ ಮುಂದೆ ಕೂತೆ. ಸೊಸೆಯ ಬಾಯಿಂದ ತಿಳಿಯುವುದಕ್ಕಿಂತ ನನ್ನ ಬಾಯಿಂದ ತಿಳಿಯಲಿ ಎಂದು ಸೋಮವಾರ ಬೆಳಿಗ್ಗೆ ಹಂಪಮ್ಮನ ಮನೆಗೆ ಹೋದೆ. ಸುನೀತ ಮಗುವನ್ನು ಶಾಲೆಗೆ ಬಿಡಲು ಹೋಗಿದ್ದಳು. ಹಂಪಮ್ಮ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ಆಕೆ ಮೊರ ಕೆಳಗಿಡಲಿಲ್ಲ.

"ನೀನು ಯಾಕ ಬರದಿ?"

"ಬದಲಿಗೆ ಬಂದವರು ತಪ್ಪು ಪುಸ್ತಕ ಕೊಟ್ಟಗಿಟ್ಟಾರಂತ..."

"ನನಗ ಬರದಿದ್ದು ಅಕ್ಷರ. ನಿನಗ ಬರದಿದ್ದು ಬಾಯಿ ಮುಚ್ಚಿಕೊಂಡಿರೋದು. ನೀನು ಬಾಯಿಲೆ ಆಡಿದ್ದರ ಒಂದು ಓಣಿಗೆ ಗೊತ್ತಾಗ್ತಿತ್ತು. ಬರದು ದೇಶಕ್ಕ ಹಂಚಿದಿ."

"ಹಂಪಕ್ಕ, ತಪ್ಪಾತು."

"ಅಳಿಸಾಕ ಬರತೈತಿಲ್ಲ?"

"ನಾಕು ಕಡೆ ಅಳಿಸೀವಿ. ಒಂದು ಕಡೆ ಆಗವಲ್ದು."

ಆಕೆ ಮೊರ ಕೊಡವಿದಳು. "ಹೋಗು. ನಿನ್ನ ಮನಿ ಕೆಲಸ ಇರತಾವ."

ಆ ಶ್ರಾವಣದಲ್ಲಿ ಹಂಪಮ್ಮ ಪುಸ್ತಕ ಒಯ್ಯಲು ಬರಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿದಳಂತೆ. ಕಟ್ಟೆಯ ಮೇಲೆ ಎರಡು ವಾರ ಬರೀ ದೀಪ ಉರಿಯಿತು. ಬೇರೆ ಯಾರೋ ಮೊಬೈಲಿನಲ್ಲಿ ಪುರಾಣ ಹಾಕಿ ಕೇಳಿಸಿದರಂತೆ, ಹೆಂಗಸರು ಎದ್ದು ಹೋದರಂತೆ. ನಾನು ದಿನಾ ಆ ಕಂದು ಪುಸ್ತಕದ ಧೂಳು ಒರೆಸಿ ಮೇಜಿನ ಮೇಲಿಟ್ಟು, ಸಂಜೆ ಒಳಗಿಡುತ್ತಿದ್ದೆ. ನನ್ನ ಕೆಲಸದ ಕಾಲದಲ್ಲಿ ಅಷ್ಟು ಭಾರದ ದಿನಗಳು ಬೇರೆ ಇಲ್ಲ.

ಮೂರನೆಯ ವಾರ ಮಧ್ಯಾಹ್ನ, ಓದುಗರಿಲ್ಲದ ಹೊತ್ತಿಗೆ ಆಕೆ ಬಂದಳು. ಕೂರಲಿಲ್ಲ.

"ಆ ಕಾಲೇಜಿನಾಗ ಇನ್ನೂ ಐತೇನು?"

"ಐತಿ ಅಕ್ಕ."

"ನನಗೊಂದು ವಿಚಾರ ಬಂದೈತಿ. ಅದನ್ನ ಅಳಿಸಾಕ ಆಗಂಗಿಲ್ಲಂದ್ರ, ಸುಳ್ಳು ಮಾಡಿದರಾತು. ನನಗ ಓದಾಕ ಕಲಿಸು."

ನಾನು ಆಕೆಯ ಮುಖ ನೋಡಿದೆ. ಅರವತ್ತೈದರ ಹೆಂಗಸು, ಹತ್ತಿಯ ಧೂಳಿಗೆ ಕಣ್ಣು ಕೆಂಪಾಗಿದ್ದವು.

"ಏನು ನೋಡತಿ? ಬರದಾಕಿ ನೀನು. ಕಲಿಸೋದೂ ನೀನ."

ಅಲ್ಲಿಂದ ಶುರುವಾಯಿತು. ಮೊದಲು ಪುರಾಣವನ್ನೇ ಇಟ್ಟುಕೊಂಡೆವು. ಎರಡೇ ದಿನದಲ್ಲಿ ಅದು ಕೆಲಸಕ್ಕೆ ಬಾರದೆಂದು ತಿಳಿಯಿತು. ಒಂದಕ್ಷರಕ್ಕೆ ಬೆರಳಿಟ್ಟರೆ ಆಕೆಯ ಬಾಯಿ ಇಡೀ ಪದ್ಯ ಹೇಳಿ ಮುಗಿಸುತ್ತಿತ್ತು. ಓದುತ್ತಿದ್ದಾಳೋ ನೆನಪಿನಿಂದ ಹೇಳುತ್ತಿದ್ದಾಳೋ ಆಕೆಗೂ ಗೊತ್ತಾಗುತ್ತಿರಲಿಲ್ಲ. ಆಕೆಗೆ ಬಾಯಿಪಾಠ ಇಲ್ಲದ ಪುಸ್ತಕ ಬೇಕಿತ್ತು. ಬೀರುವಿನಲ್ಲಿ ಕೈಯಾಡಿಸಿ ಕುರಿಗಳ ರೋಗದ ಪುಸ್ತಕ ತೆಗೆದೆ. ಅದನ್ನು ನೋಡಿದ್ದೇ ಹಂಪಮ್ಮ ಬಾಯಿಗೆ ಸೆರಗಿಟ್ಟು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು.

"ಇದು ನನ್ನ ಬೆನ್ನು ಬಿಡಂಗಿಲ್ಲೇನ?"

ಹೀಗೆ ಓದೋ ಹಂಪಮ್ಮ ನಿಜವಾಗಿ ಓದಿದ ಮೊದಲ ವಾಕ್ಯ, ಗೊರಸಿನ ಸಂದಿಯಲ್ಲಿ ಹುಣ್ಣಾದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟಬೇಕು ಎಂಬುದು. ಅದನ್ನು ಒಂದು ವಾರ ಜೋಡಿಸಿದಳು. ಕುರಿ ಸಾಕುವ ತಮ್ಮನಿಗೆ ಫೋನು ಮಾಡಿ, "ಬ್ಯಾರೆ ಕಟ್ಟೋ, ಪುಸ್ತಕದಾಗ ಐತಿ" ಎಂದು ಹೇಳಿದಳಂತೆ. ಆತ, "ಇದು ನಮ್ಮಪ್ಪನೂ ಹೇಳ್ತಿದ್ದ" ಎಂದನಂತೆ. "ಅಪ್ಪ ಹೇಳಿದ್ದ ಬ್ಯಾರೆ, ನಾ ಓದಿದ್ದ ಬ್ಯಾರೆ" ಎಂದು ಆಕೆ ಫೋನು ಇಟ್ಟಳು.

ನಾಲ್ಕು ತಿಂಗಳಿಗೆ ನಾನು ನಿವೃತ್ತಳಾದೆ. ಶಾಲು ಹೊದಿಸಿದರು, ಹಾರ ಹಾಕಿದರು, ಅದರಲ್ಲಿ ಬರೆಯುವಂಥದ್ದೇನಿಲ್ಲ. ಪಾಠ ನಮ್ಮ ಮನೆಯ ಅಂಗಳಕ್ಕೆ ಬಂತು. ನಾನು ಸೊಪ್ಪು ಬಿಡಿಸುತ್ತ ಕೂರುವುದು, ಆಕೆ ಹಳೆಯ ಪಂಚಾಂಗ, ಗೊಬ್ಬರದ ಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ಓದುವುದು. ಒತ್ತಕ್ಷರ ಬಂದರೆ ನಿಂತು ಬೈಯುವಳು: "ಕಾಲಿಗೊಂದು ಕೂಸು ಕಟ್ಯಾರ ನೋಡು ಇದಕ್ಕ." ಬೈದು, ಮತ್ತೆ ಓದುವಳು. ಮನೆಯಲ್ಲಿ ಭಜನೆಗೆ ಹೋಗುತ್ತೇನೆ ಎಂದು ಹೇಳಿ ಬರುತ್ತಿದ್ದಳು. ಸುಳ್ಳೇನಲ್ಲ ಎಂದು ನನ್ನ ಯಜಮಾನರು ಅನ್ನುತ್ತಿದ್ದರು, ಚಹಾ ತಂದಿಟ್ಟು.

ಮುಂದಿನ ಶ್ರಾವಣಕ್ಕೆ ಹದಿನೈದು ದಿನವಿತ್ತು. ಆಕೆ ಅಂಗಳದಲ್ಲಿ ಕೂತಿದ್ದಾಗ ಸುನೀತ ಗೇಟು ತಳ್ಳಿಕೊಂಡು ಬಂದಳು. ಕೈಯಲ್ಲಿ ಫೋನು, ಮುಖದಲ್ಲಿ ಸಂಭ್ರಮ.

"ಅತ್ತಿ, ಇಲ್ಲೇ ಅದೀರಿ? ಭಜನಿ ಕಟ್ಟಿಗೆ ಹೋಗಿ ಬಂದೆ. ಹೋದ ವರ್ಷ ಹುಡುಕೋದು ಮರತ ಹೋಗಿತ್ತು, ಇವತ್ತ ನೆನಪಾತು. ನಿಮ್ಮ ಪುಸ್ತಕ ಸಿಕ್ಕೈತಿ! ದೂರದ ಕಾಲೇಜಿನಾಗ ಐತಂತ. ಕೆಳಗ ಏನೋ ಬರದಾರ, ಕೊಡತಾರೋ ಇಲ್ಲೋ ಅಂತ ಇರಬೇಕು. ನನ್ನ ತೆಲುಗಿನಾಗ ಪೂರ್ತಿ ಹತ್ತವಲ್ದು. ನೀವ ಓದ್ರಿ."

ಫೋನನ್ನು ಅತ್ತೆಯ ಕೈಗೆ ಕೊಟ್ಟಳು. ನನ್ನ ಕೈಯ ಸೊಪ್ಪು ಹಾಗೇ ನಿಂತಿತು. ಹಂಪಮ್ಮ ನನ್ನ ಕಡೆ ನೋಡಲಿಲ್ಲ. ಫೋನನ್ನು ಬೆಳಕಿಗೆ ಹಿಡಿದಳು. ಆಕೆಗೆ ಕಷ್ಟವೇನಿರಲಿಲ್ಲ. ಪುಸ್ತಕ ಹೊರಗೆ ಕೊಡುವುದಿಲ್ಲ ಎಂದು ಬರೆದಾರೆ ಎಂದು ಹೇಳಿ ಹಿಂದಕ್ಕೆ ಕೊಟ್ಟರೆ ಮುಗಿಯುತ್ತಿತ್ತು. ಇಲ್ಲದ್ದನ್ನು ಇದ್ದ ಹಾಗೆ ಓದುವುದು ಆಕೆಗೆ ನಲವತ್ತು ವರ್ಷದ ರೂಢಿ.

ಸಾಲಿನ ಕೆಳಗೆ ಬೆರಳಿಟ್ಟಳು.

"ಜಿ... ಜಿನ್ನಿ... ಜಿನ್ನಿನ ಹಂ-ಪ-ಮ್ಮ-ಗೆ. ನೋ-ಡಿ ಇ-ದೇ ಪು-ಸ್ತ-ಕ ಕೊ-ಡು."

ಉಸಿರು ತೆಗೆದುಕೊಂಡಳು.

"ಆಕೆಗೆ. ಓ-ದು. ಬ-ರು-ವು-ದಿ-ಲ್ಲ."

ಸುನೀತಳ ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ನಿಂತಿತ್ತು. ಆಕೆ ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅತ್ತೆಯ ಬೆರಳನ್ನು ನೋಡಿದಳು.

"ಯಾರೋ ಇಂಥಾ ಸುಳ್ಳು ಬರದಾರ ಅತ್ತಿ! ನೀವು ಈಗ ಓದಿದಿರಲ್ಲ!"

ಹಂಪಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟು, ಸೆರಗಿನಿಂದ ಕಣ್ಣಲ್ಲ, ಬೆರಳನ್ನು ಒರೆಸಿಕೊಂಡಳು.

"ಬರದಾಗ ಖರೇನ ಇತ್ತವ್ವ," ಎಂದಳು. "ಬಾ, ಕುಂದ್ರು. ಹೇಳತೀನಿ."